ಎಂಟು ತಿಂಗಳಿಂದ ಮುಚ್ಚಿಟ್ಟ ವರದಿ

ಸೋಮವಾರಪೇಟೆ ಕಡೆಯ ಯುವತಿಯೊಬ್ಬರ ಪತ್ರವನ್ನು ಮೂರು ಸಲ ಓದಿದೆ. ವಯಸ್ಸು 29. ಬೆಂಗಳೂರಿನಲ್ಲಿ ಎಂಜಿನಿಯರ್, ಯಂತ್ರದ ಬಿಡಿಭಾಗಗಳನ್ನು ನಡೆಸುವ ಡ್ರೈವರ್ ತಂತ್ರಾಂಶವನ್ನು ಸಿ ಭಾಷೆಯಲ್ಲಿ ಬರೆಯುವ ಕೆಲಸ. ಕಚೇರಿಯವರು ಮ್ಯಾನೇಜರ್ ಹುದ್ದೆ ಕೊಡುತ್ತೇವೆ ಎನ್ನುತ್ತಿದ್ದಾರೆ. ಇನ್ನೊಂದೆಡೆ ತಂತ್ರಾಂಶಗಳ ದೋಷ ಹುಡುಕುವ ಭದ್ರತಾ ಸಂಶೋಧನೆಯ ಕೆಲಸ ಕರೆಯುತ್ತಿದೆ, ಸಂಬಳ ಕಡಿಮೆ. ‘ಹ್ಯಾಕರ್ ಎಂದರೆ ಯಾವ ಮನೆಯವರು ಹೆಣ್ಣು ನೋಡಲು ಬರುತ್ತಾರೆ?’ ಎನ್ನುತ್ತಾರಂತೆ ಸೋದರಮಾವ.

ತಂಗಿ, ಪತ್ರದ ಕೊನೆಯಲ್ಲಿ ಒಂದು ಸಾಲು ಬರೆದು ದಾಟಿಬಿಟ್ಟಿದ್ದೀರಿ. ಊರಿನ ಮನೆಗೆ ನೀವೇ ಕೊಂಡು ತಂದ ರೂಟರ್‌ನಲ್ಲಿ, ಹೆಸರು ತುಂಬುವ ಜಾಗಕ್ಕೆ 300 ಅಕ್ಷರ ಸುರಿದಿರಿ. ದೀಪಗಳೆಲ್ಲ ಆರಿ ಮತ್ತೆ ಹತ್ತಿದವು. ಬಂದ ಅಕ್ಷರಗಳ ಉದ್ದ ಅಳೆಯದೆ ನಕಲಿಸುವ ಕೋಡ್. ಹೆಚ್ಚಾದದ್ದು ಪಕ್ಕದ ಮೆಮೊರಿಗೆ ಚೆಲ್ಲುತ್ತದೆ. 1988ರಲ್ಲಿ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ತಾನಾಗಿ ಹರಡಿದ ಮಾರಿಸ್ ವರ್ಮ್ ಎಂಬ ಪ್ರೋಗ್ರಾಂ ನುಗ್ಗಿದ ದಾರಿಗಳಲ್ಲಿ ಇಂಥದ್ದೇ ಒಂದಿತ್ತು. ಇದನ್ನು ಪತ್ತೆಹಚ್ಚಿ ಎಂಟು ತಿಂಗಳಾದರೂ ಯಾರಿಗೂ ಹೇಳಿಲ್ಲ, ‘ಪೊಲೀಸರು ಹಿಡಿಯುತ್ತಾರೆ’ ಎಂದು ಮಾವ ಹೆದರಿಸಿದ್ದರಿಂದ.

ನನ್ನ ಸಿಟ್ಟೆಲ್ಲ ಆ ಮಾವನ ಮೇಲೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್ ಹೇಳುವುದು ಒಡೆಯರ ಅನುಮತಿಯಿಲ್ಲದೆ ಯಂತ್ರಕ್ಕೆ ಕೈಹಾಕುವವರ ಬಗ್ಗೆ. ನೀವು ಮುಟ್ಟಿದ್ದು ನಿಮ್ಮದೇ ರೂಟರ್. ಬೇರೆಯವರದ್ದನ್ನು ಮುಟ್ಟಬೇಡಿ, ಅಷ್ಟೇ.

ನಿಮ್ಮ ತಂದೆ ಅರೇಬಿಕಾ ಕಾಫಿ ಬೆಳೆಗಾರರು ಎಂದಿದ್ದೀರಿ. ಹಾಗಾದರೆ ಗಿಡದ ಕಾಂಡ ಕೊರೆಯುವ ಜೀರುಂಡೆ, ಕಾಂಡಕೊರಕ, ನಿಮಗೆ ಗೊತ್ತು. ನಮ್ಮ ತೋಟದಲ್ಲೂ ಎಲೆ ಹಸಿರಾಗಿಯೇ ಇದ್ದ ಗಿಡವನ್ನು ಬಗ್ಗಿ ನೋಡಿದಾಗ ಕಾಂಡದ ಮೇಲೆ ಉಬ್ಬಿದ ಗೆರೆ ಕಂಡಿತ್ತು. ಕಿತ್ತು ಸುಟ್ಟೆವು, ಪಕ್ಕದ ತೋಟಕ್ಕೂ ಹೇಳಿ ಕಳುಹಿಸಿದೆವು, ಜೀರುಂಡೆಗೆ ಬೇಲಿಯಿಲ್ಲ. ನಿಮ್ಮ ಮನೆಯ ರೂಟರ್‌ನಂಥದ್ದೇ ಇನ್ನೆಷ್ಟೋ ಮನೆಗಳಲ್ಲಿ ದೀಪ ಮಿನುಗಿಸುತ್ತ ಕೂತಿದೆ. ಗೂಗಲ್‌ನ ಪ್ರಾಜೆಕ್ಟ್ ಝೀರೋ ಎಂಬ, ದೋಷ ಹುಡುಕುವ ತಂಡ ಕೂಡ ದೋಷ ಸರಿಪಡಿಸಲು ತಯಾರಕರಿಗೆ ಕೊಡುವ ಗಡುವು 90 ದಿನ. ನೀವು 240 ದಿನ ಕಳೆದಿದ್ದೀರಿ, ಅದೂ ಅವರಿಗೆ ತಿಳಿಸದೆ.

ಹುದ್ದೆ ಬೇರೆ, ಕಸುಬು ಬೇರೆ ಎಂದು ಈ ಅಂಕಣದಲ್ಲಿ ಹಿಂದೆಯೂ ಬರೆದಿದ್ದೇನೆ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ, ಕಡತ ಕುಗ್ಗಿಸುವ ತಂತ್ರಾಂಶದೊಳಗೆ ಅಡಗಿಸಿಟ್ಟಿದ್ದ ಹಿಂಬಾಗಿಲನ್ನು ಕಂಡುಹಿಡಿದ ಆಂದ್ರೆಸ್ ಫ್ರಾಯ್ಂಡ್ ಡೇಟಾಬೇಸ್ ಎಂಜಿನಿಯರ್, ಭದ್ರತಾ ಸಂಶೋಧಕರಲ್ಲ. ಲಾಗಿನ್ ಅರ್ಧ ಸೆಕೆಂಡ್ ತಡವಾದದ್ದು ಅವರ ಕಣ್ಣಿಗೆ ಬಿತ್ತು, ಬೆನ್ನುಹತ್ತಿದರು, ಕಂಡದ್ದನ್ನು ಬಹಿರಂಗವಾಗಿ ತಿಳಿಸಿದರು. 300 ಅಕ್ಷರ ಸುರಿದು ನೋಡುವ ಕುತೂಹಲ ನಿಮ್ಮಲ್ಲೂ ಇದೆ. ತಿಳಿಸುವ ಕೆಲಸವೊಂದೇ ಬಾಕಿ.

ಆದ್ದರಿಂದ ಒಂದೇ ಮಾತು. ಈ ಭಾನುವಾರ ಕೂತು ವರದಿ ಬರೆಯಿರಿ: ಯಾವ ಮಾದರಿ, ಯಾವ ಆವೃತ್ತಿ, ಏನು ತುಂಬಿದಾಗ ಏನಾಯಿತು. ತಯಾರಕರಿಗೂ, ದೇಶದ ಸೈಬರ್ ಭದ್ರತೆ ನೋಡುವ ಸರ್ಕಾರದ ಸರ್ಟ್-ಇನ್ ಸಂಸ್ಥೆಗೂ ಕಳುಹಿಸಿ. ದೋಷ ಮುಚ್ಚುವ ತೇಪೆ ತಯಾರಕರಿಂದ ಬರುವವರೆಗೆ ವಿವರ ಬೇರೆ ಯಾರ ಕೈಗೂ ಹೋಗಬಾರದು, ಮಾವನಿಗಂತೂ ಮೊದಲೇ ಬೇಡ. ಕಳುಹಿಸಿದ ದಿನಾಂಕವನ್ನು ನನಗೆ ತಿಳಿಸಿ. ಮ್ಯಾನೇಜರ್ ಹುದ್ದೆಯ ವಿಷಯವನ್ನು ಆಮೇಲೆ ಮಾತನಾಡೋಣ.