ಓದುಗರ ಪ್ರಶ್ನೆ: ಸಂಬಳ ಇಲ್ಲದ ಕುರ್ಚಿ, ಕೂರಬೇಕಾ?

ಈ ಸಲದ ಪತ್ರಗಳಲ್ಲಿ ನಾಲ್ಕೈದು ಒಂದೇ ವಿಷಯದ ಸುತ್ತ ಬಂದಿವೆ. ಮಳೆಗಾಲ ಹತ್ತಿರ ಬಂತಲ್ವಾ, ಸೇವಾ ಸಂಸ್ಥೆಗಳ ನೆನಪು ಎಲ್ಲರಿಗೂ ಆಗುತ್ತದೆ. ಹಾಗಾಗಿ ಎಲ್ಲವನ್ನೂ ಒಟ್ಟಿಗೇ ತೆಗೆದುಕೊಂಡಿದ್ದೇನೆ. ನಾನು ಆರು ವರ್ಷ ಒಂದು ಪರಿಹಾರ ಸಂಸ್ಥೆಯ ಕರಾವಳಿ ವಲಯ ಮಂಡಳಿಯಲ್ಲಿ ಇದ್ದವನು. ಸಂಸ್ಥೆಯ ಹೆಸರು ಬೇಡ, ಯಾಕೆಂದರೆ ಕೆಳಗೆ ಅದರ ಹುಳುಕು, ನನ್ನ ಹುಳುಕು ಎರಡೂ ಬರುತ್ತದೆ.

ಪ್ರಶ್ನೆ: ಹತ್ತು ವರ್ಷದಿಂದ ಒಂದು ಸೇವಾ ಸಂಸ್ಥೆಯಲ್ಲಿ ಸ್ವಯಂಸೇವಕಿ ಆಗಿದ್ದೇನೆ. ರಕ್ತದಾನ ಶಿಬಿರ, ನೆರೆ ಬಂದಾಗ ಗಂಜಿ ಕೇಂದ್ರ, ಇಂಥದ್ದೆಲ್ಲ ಮಾಡಿ ಗೊತ್ತು. ಈಗ ಉಡುಪಿ, ದಕ್ಷಿಣ ಕನ್ನಡ ಸೇರಿಸಿ ಒಂದು ವಲಯ ಮಂಡಳಿ ಉಂಟು, ಅದಕ್ಕೆ ಸದಸ್ಯೆಯಾಗಿ ಬನ್ನಿ ಅಂತ ಕರೆದಿದ್ದಾರೆ. ಮೂರು ವರ್ಷದ ಅವಧಿ, ವರ್ಷಕ್ಕೆ ನಾಲ್ಕು ಮೀಟಿಂಗ್, ಸಂಬಳ ಇಲ್ಲ. ನಮ್ಮ ಯಜಮಾನರು "ಚಾ ಕುಡಿದು ಫೋಟೋ ತೆಗೆಸಿಕೊಳ್ಳುವ ಕೆಲಸ ಅದು, ಸುಮ್ನೆ ಯಾಕೆ" ಅನ್ನುತ್ತಾರೆ. ಅಲ್ಲಿ ಮಾಡಲಿಕ್ಕೆ ನಿಜವಾಗಿ ಎಂತ ಇರುತ್ತದೆ? ಒಪ್ಪಿಕೊಳ್ಳಲಾ?
- ನಿವೃತ್ತ ಟೀಚರ್, ಕಾಪು

ಟೀಚರೇ, ನಿಮ್ಮ ಯಜಮಾನರು ಹೇಳಿದ್ದು ಅರ್ಧ ನಿಜ. ಚಾ ಇರುತ್ತದೆ. ಫೋಟೋ ಕೂಡ ಇರುತ್ತದೆ. ಮೊದಲ ವರ್ಷ ನಾನು ಮಾಡಿದ್ದು ಹೆಚ್ಚುಕಮ್ಮಿ ಅಷ್ಟೇ. ಉಳಿದ ಅರ್ಧ ನನಗೆ ಗೊತ್ತಾದದ್ದು ಎರಡನೇ ವರ್ಷ, ಒಂದು ಹಿಡಿ ಅಕ್ಕಿಯಿಂದ.

2020ರ ಸೆಪ್ಟೆಂಬರ್ 20, ಭಾನುವಾರ. ಉಡುಪಿಯವರಿಗೆ ಆ ದಿನ ನೆನಪಿರಬೇಕು. ರಾತ್ರಿಯಿಡೀ ಮಳೆ, ಬೆಳಗಾಗುವಾಗ ಸ್ವರ್ಣಾ ನದಿ ಮನೆಮನೆಯ ಒಳಗೆ. ಕೊರೋನಾದಿಂದ ಶಾಲೆಗಳು ಮುಚ್ಚಿದ್ದವು, ಕಲ್ಯಾಣಪುರದ ಹತ್ತಿರ ಒಂದು ಶಾಲೆಯ ಬೀಗ ತೆಗೆಸಿ ಜನರನ್ನು ಕೂರಿಸಿದೆವು. ನಮ್ಮ ಸಂಸ್ಥೆಯ ಕಿಟ್ ಬಂದದ್ದು ಎರಡು ದಿನ ಬಿಟ್ಟು, ನೀರು ಇಳಿದು ಜನ ಮನೆ ತೊಳೆಯಲು ಹೊರಟಾಗ. ಬೀಡಿ ಕಟ್ಟಿ ಬದುಕುವ ಒಬ್ಬರು ಅಜ್ಜಿ ಅಲ್ಲೇ ಜಗಲಿಯಲ್ಲಿ ಕೂತು ಕಿಟ್ ಬಿಚ್ಚಿದರು. ಒಂದು ಹಿಡಿ ಅಕ್ಕಿ ತೆಗೆದು ಅಂಗೈಯಲ್ಲಿ ಉಜ್ಜಿ, ಮೂಸಿ, ವಾಪಸ್ ಹಾಕಿದರು. "ಇದು ಬೆಳ್ತಿಗೆ ಅಲ್ವಾ ಮಗಾ, ಇದರ ಗಂಜಿ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ." ಬೆಳ್ತಿಗೆ ಅಂದರೆ ಭತ್ತ ಬೇಯಿಸದೆ ಮಾಡಿದ ಬಿಳಿ ಅಕ್ಕಿ, ನಮ್ಮ ಕರಾವಳಿಯ ಗಂಜಿಗೆ ಬೇಕಾದದ್ದು ಭತ್ತ ಬೇಯಿಸಿ ಮಾಡಿದ ಕುಚ್ಚಲಕ್ಕಿ. ಆಮೇಲೆ ಗೋಧಿ ಹಿಟ್ಟಿನ ಪ್ಯಾಕೆಟ್ ಎತ್ತಿ ನನ್ನ ಮುಖ ನೋಡಿದರು. "ಇದನ್ನು ಎಂತ ಮಾಡುವುದು? ನಮ್ಮಲ್ಲಿ ಚಪಾತಿ ಮಣೆ ಮೊದಲೇ ಇರಲಿಲ್ಲ. ಈಗ ಒಲೆಯೂ ಇಲ್ಲ." ಬೈದದ್ದಲ್ಲ. ಇದ್ದದ್ದನ್ನು ಹೇಳಿದ್ದು.

ಇದನ್ನು ನಾನು ಮುಂದಿನ ಮೀಟಿಂಗಿನಲ್ಲಿ ಹೇಳಿದೆ. ಆಗ ಮೀಟಿಂಗ್ ಎಲ್ಲ ಜೂಮ್‌ನಲ್ಲಿ. ಬೆಂಗಳೂರಿನಲ್ಲಿ ಖರೀದಿ ನೋಡಿಕೊಳ್ಳುವವರು "ಇಡೀ ರಾಜ್ಯಕ್ಕೆ ಒಂದೇ ಕಿಟ್ ಸಾರ್, ಬೇರೆ ಮಾಡಿದರೆ ರೇಟ್ ಏರುತ್ತದೆ" ಅಂದರು. ನ್ಯಾಯವೇ. ಎರಡನೇ ಮೀಟಿಂಗಿನಲ್ಲಿ ಇನ್ನೊಬ್ಬರು ಕೇಳಿದರು, ಕುಚ್ಚಲಕ್ಕಿ ಬೇಯಲಿಕ್ಕೆ ಜಾಸ್ತಿ ಹೊತ್ತು ಬೇಕಲ್ಲ, ಒದ್ದೆ ಸೌದೆಯಲ್ಲಿ ಹೇಗೆ ಬೇಯಿಸುತ್ತಾರೆ? ನನ್ನ ಹತ್ತಿರ ಉತ್ತರ ಇರಲಿಲ್ಲ. ಮತ್ತೆ ಕಲ್ಯಾಣಪುರಕ್ಕೆ ಹೋದೆ. ಅಜ್ಜಿ ನಕ್ಕರು. ನೀರು ಇರುವಾಗ ಅವಲಕ್ಕಿ, ಬೆಲ್ಲ ಕೊಡಿ, ಒಲೆ ಬೇಡ. ಮನೆಗೆ ಹೋಗುವಾಗ ಕುಚ್ಚಲಕ್ಕಿ ಕೊಡಿ. ಇಷ್ಟೇ. ಮೂರನೇ ಮೀಟಿಂಗಿನಲ್ಲಿ ಅವರ ಮಾತನ್ನೇ ಇಟ್ಟೆ, ಕರಾವಳಿಗೆ ಬೇರೆ ಕಿಟ್ ಅಂತ ಆಯಿತು. ಮುಂದಿನ ವರ್ಷ ಬಂದ ಮೊದಲ ಲೋಡಿನಲ್ಲಿ ನಮ್ಮ ಕೆಂಪು ಕುಚ್ಚಲಕ್ಕಿ ಬದಲು ಘಟ್ಟದ ಮೇಲಿನ ಬಿಳಿ ಕುಸುಬಲಕ್ಕಿ ಇತ್ತು, ಅದು ಬೇರೆ ಕಥೆ ಮಾರಾಯ್ರೆ.

ಮಂಡಳಿಯ ಕೆಲಸ ಅಂದರೆ ಇದು. ಜಗಲಿಯ ಮಾತನ್ನು ಅಲ್ಲಿಗೆ ಒಯ್ಯುವುದು, ಅಲ್ಲಿಯ ಪ್ರಶ್ನೆಯನ್ನು ಜಗಲಿಗೆ ತರುವುದು, ಉತ್ತರ ಹಿಡಿದುಕೊಂಡು ಮತ್ತೆ ಹೋಗುವುದು. ನಡುವೆ ಬೇಜಾರು ಬರುತ್ತದೆ. ದೊಡ್ಡ ಸಂಸ್ಥೆಗಳಲ್ಲಿ ಇದು ಇನ್ನೂ ಬೇಕು. ನಮ್ಮ ದೇಶದ ರೆಡ್ ಕ್ರಾಸ್ ನೋಡಿ, 1920ರ ಕಾಯಿದೆಯಿಂದ ಹುಟ್ಟಿದ್ದು, ಅಧ್ಯಕ್ಷರು ಸ್ವತಃ ರಾಷ್ಟ್ರಪತಿ, ರಾಜ್ಯದಲ್ಲಿ ರಾಜ್ಯಪಾಲರು, ಜಿಲ್ಲೆಯಲ್ಲಿ ಡಿಸಿ. ಇಷ್ಟೆಲ್ಲ ಇದ್ದರೂ ಯಾವ ಶಾಲೆಯ ಶೌಚಾಲಯದ ಬಾಗಿಲಿಗೆ ಚಿಲಕ ಇಲ್ಲ, ಯಾವ ಕೇಂದ್ರದಲ್ಲಿ ಹೆಂಗಸರು ಬಟ್ಟೆ ಬದಲಿಸಲು ಮರೆ ಇಲ್ಲ ಅನ್ನುವುದನ್ನು ಊರಿನವರೇ ಹೇಳಬೇಕು. ಆ ವಿಷಯದಲ್ಲಿ ನಾನು ಆರು ವರ್ಷ ಬಾಯಿ ಬಿಡಲಿಲ್ಲ, ಯಾಕೆಂದರೆ ನನಗೆ ಯಾರೂ ಹೇಳಲಿಲ್ಲ. ನಿಮಗೆ ಹೇಳುತ್ತಾರೆ.

ಹಾಗಾಗಿ ಒಪ್ಪಿಕೊಳ್ಳಿ. ಆದರೆ ಹೂಂ ಅನ್ನುವ ಮೊದಲು ಸಂಸ್ಥೆಯ ಬೈಲಾ, ಎರಡು ವರ್ಷದ ಆಡಿಟ್ ಆದ ಲೆಕ್ಕ, ಕಳೆದ ನಾಲ್ಕು ಮೀಟಿಂಗಿನ ನಡಾವಳಿ ತರಿಸಿಕೊಂಡು ಓದಿ. ಉತ್ತರಪತ್ರಿಕೆ ತಿದ್ದಿದವರಿಗೆ ಇದೇನು ಕಷ್ಟ ಅಲ್ಲ. ಇನ್ನೊಂದು, ಕೆಲಸಕ್ಕಿರುವ ಸಿಬ್ಬಂದಿಗೆ ನೇರವಾಗಿ ಇದು ಮಾಡು ಅದು ಮಾಡು ಅನ್ನಲು ಹೋಗಬೇಡಿ. ಅವರಿಗೆ ಒಬ್ಬ ಬಾಸ್ ಈಗಾಗಲೇ ಇದ್ದಾರೆ, ಮಂಡಳಿಯ ಹನ್ನೊಂದು ಜನ ಸೇರಿದರೆ ಹನ್ನೆರಡು ಆಗುತ್ತದೆ.

ಬಸ್ ಚಾರ್ಜಿನ ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬೆಂಗಳೂರಿಗೆ ಮೀಟಿಂಗಿಗೆ ಹೋದರೆ ಖರ್ಚಿನ ಬಿಲ್ ಕೊಟ್ಟು ಹಣ ತೆಗೆದುಕೊಳ್ಳಿ. ಸೇವೆ ಅಲ್ವಾ, ಹೇಗೆ ಕೇಳುವುದು ಅಂತ ನಾಚಿಕೆ ಬೇಡ. ಪೆನ್ಶನ್ ಇರುವ ನಾವು "ಬೇಡ ಬೇಡ" ಅಂದರೆ ಪಕ್ಕದಲ್ಲಿ ಕೂತ ಮೀನುಗಾರ ಹುಡುಗನಿಗೆ ಕೇಳಲು ಮುಜುಗರ ಆಗುತ್ತದೆ, ಎರಡು ಮೀಟಿಂಗ್ ಆದ ಮೇಲೆ ಅವನು ಬರುವುದೇ ಇಲ್ಲ. ಬೇಕಾದರೆ ತೆಗೆದುಕೊಂಡು ವಾಪಸ್ ದೇಣಿಗೆ ಕೊಡಿ. ಜುಲೈ ತಿಂಗಳ ಮೀಟಿಂಗಿಗೆ ಒಂದು ದಿನ ಮೊದಲೇ ಹೊರಡಿ, ಶಿರಾಡಿಯಲ್ಲಿ ಗುಡ್ಡ ಜರಿದರೆ ಬಸ್ಸಿನಲ್ಲೇ ಬೆಳಗಾಗುತ್ತದೆ.

ಪ್ರಶ್ನೆ: ನಮ್ಮ ಸಂಸ್ಥೆಯ ಸಮಿತಿಯಲ್ಲಿ ನಾನೂ ಒಬ್ಬ. ನೆರೆ ಪರಿಹಾರಕ್ಕೆ ಒಟ್ಟಾದ ಹಣದ ಲೆಕ್ಕ ಕೇಳಿದರೆ ಖಜಾಂಚಿಗೆ ಸಿಟ್ಟು ಬರುತ್ತದೆ. "ನನ್ನ ಮೇಲೆ ಸಂಶಯವಾ" ಅನ್ನುತ್ತಾರೆ. ಹಳೇ ಗೆಳೆಯ. ಏನು ಮಾಡಲಿ?
- ಹೆಸರು ಬೇಡ ಎಂದವರು, ಕುಂದಾಪುರ

ಮೊದಲು ನನ್ನ ತಪ್ಪು ಹೇಳುತ್ತೇನೆ. ಒಂದು ಮಳೆಗಾಲ ತುರ್ತಾಗಿ ಟಾರ್ಪಾಲು ಬೇಕಾಯಿತು. ನಮ್ಮ ಭಾವನ ಅಂಗಡಿಯಲ್ಲಿ ಇತ್ತು, ಕಡಿಮೆಗೇ ಕೊಟ್ಟ, ನಾನು ಫೋನ್ ಮಾಡಿ ತರಿಸಿಬಿಟ್ಟೆ. ಒಂದು ರೂಪಾಯಿ ಆಚೀಚೆ ಆಗಲಿಲ್ಲ. ಆದರೆ ಅಂಗಡಿ ಭಾವನದ್ದು ಅಂತ ಮೀಟಿಂಗಿನಲ್ಲಿ ಹೇಳಿರಲಿಲ್ಲ, ಬೇರೆ ಎರಡು ಕಡೆ ರೇಟ್ ಕೇಳಿರಲಿಲ್ಲ. ಆರು ತಿಂಗಳ ಮೇಲೆ ಒಬ್ಬ ಸದಸ್ಯೆ ಬಿಲ್ಲು ನೋಡಿ, ಎಲ್ಲರೆದುರು, ತಣ್ಣಗೆ, "ಇದು ನಿಮ್ಮ ಸಂಬಂಧಿಕರದ್ದಾ?" ಅಂತ ಕೇಳಿದರು. ಕಿವಿ ಬಿಸಿಯಾಯಿತು. ಎರಡು ದಿನ ಅವರ ಮೇಲೆ ಸಿಟ್ಟೂ ಬಂತು. ಆಮೇಲೆ ಗೊತ್ತಾಯಿತು, ಅವರು ಆವತ್ತು ಕೇಳದಿದ್ದರೆ ಊರಿನವರು ಹಿಂದಿನಿಂದ ಕೇಳುತ್ತಿದ್ದರು, ಅದಕ್ಕೆ ಉತ್ತರ ಕೊಡುವ ಅವಕಾಶವೇ ನನಗೆ ಸಿಗುತ್ತಿರಲಿಲ್ಲ.

ನಿಮ್ಮ ಗೆಳೆಯರಿಗೆ ಈ ಕಥೆ ಹೇಳಿ ನೋಡಿ. ಸಂಶಯ ಅಂತಲ್ಲ, ಸಮಿತಿಯಲ್ಲಿ ಕೂತ ಮೇಲೆ ಲೆಕ್ಕಕ್ಕೆ ನೀವೂ ಬಾಧ್ಯರು. ವಾಟ್ಸಾಪ್ ಗುಂಪಿನಲ್ಲಿ ಕೇಳಬೇಡಿ, ಅದು ಜಗಳಕ್ಕೆ ಕರೆದ ಹಾಗೆ. ಮೀಟಿಂಗಿನ ವಿಷಯ ಪಟ್ಟಿಯಲ್ಲಿ "ನೆರೆ ನಿಧಿ ಲೆಕ್ಕ" ಅಂತ ಬರೆದು ಸೇರಿಸಲು ಕಾರ್ಯದರ್ಶಿಗೆ ಪತ್ರ ಕೊಡಿ. ರಶೀದಿ ಪುಸ್ತಕದ ನಂಬರು, ಬ್ಯಾಂಕಿಗೆ ಕಟ್ಟಿದ ಚಲನ್, ಖರೀದಿ ಬಿಲ್, ಯಾರಿಗೆ ಕೊಟ್ಟದ್ದು ಅನ್ನುವ ಸಹಿ ಪಟ್ಟಿ, ಇವು ನಾಲ್ಕು ಒಂದಕ್ಕೊಂದು ಹೊಂದಿದರೆ ಮುಗಿಯಿತು. ಹಾಗೂ ತೋರಿಸದಿದ್ದರೆ ನಿಮ್ಮ ಆಕ್ಷೇಪವನ್ನು ನಡಾವಳಿಯಲ್ಲಿ ಬರೆಸಿ. ಬರೆಯದೆ ಸಹಿ ಹಾಕಬೇಡಿ.

ದೇಣಿಗೆ ಕೊಡುವವರು ಕೇಳುವ ಒಂದು ಮಾತು ಕೂಡ ಇಲ್ಲೇ ಹೇಳಿಬಿಡುತ್ತೇನೆ. 80ಜಿ ನೋಂದಣಿ ಇರುವ ಸಂಸ್ಥೆಗೆ ಕೊಟ್ಟರೂ ನಗದು 2,000 ರೂಪಾಯಿ ದಾಟಿದರೆ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಆ ವಿನಾಯಿತಿಯೇ ಇಲ್ಲ. ರಶೀದಿ ಹರಿಯುವಾಗಲೇ ಹೇಳಿಬಿಡಿ, ಮಾರ್ಚಿನಲ್ಲಿ ಬಂದು ಬೈಯುವುದು ತಪ್ಪುತ್ತದೆ.

ಪ್ರಶ್ನೆ: ನಾನು ಒಂದು ಪಕ್ಷದ ಕಾರ್ಯಕರ್ತ, ಅದನ್ನು ಮುಚ್ಚಿಟ್ಟಿಲ್ಲ. ಇಂಥ ಸಂಸ್ಥೆಯ ಮಂಡಳಿಯಲ್ಲಿ ಇರಬಹುದಾ?
- ಉಳ್ಳಾಲದ ಓದುಗ

ಸಂಸ್ಥೆಯ ನಿಯಮದಲ್ಲಿ ಅಡ್ಡಿ ಇಲ್ಲದಿದ್ದರೆ ಇರಬಹುದು, ಶಾಲು ಮನೆಯಲ್ಲಿ ಬಿಟ್ಟು ಬಂದರೆ. 1859ರಲ್ಲಿ ಇಟಲಿಯ ಸೊಲ್ಫೆರಿನೊ ಯುದ್ಧ ಆದಾಗ ಪಕ್ಕದ ಕಾಸ್ಟಿಲ್ಯೋನೆ ಊರಿನ ಹೆಂಗಸರು ಎರಡೂ ಕಡೆಯ ಗಾಯಾಳುಗಳಿಗೆ ನೀರು ಕೊಟ್ಟು, ಗಾಯ ತೊಳೆದು, "ಎಲ್ಲರೂ ಅಣ್ಣತಮ್ಮಂದಿರು" ಅಂದರಂತೆ. ಅದನ್ನು ಕಣ್ಣಾರೆ ಕಂಡ ಹೆನ್ರಿ ಡ್ಯೂನಾಂಟ್ ಅವರಿಂದಲೇ ರೆಡ್ ಕ್ರಾಸ್ ಶುರುವಾದದ್ದು. 1965ರಲ್ಲಿ ರೆಡ್ ಕ್ರಾಸ್‌ನವರು ಏಳು ತತ್ವ ಬರೆದಿಟ್ಟರು. ಅದರಲ್ಲಿ ಎರಡನ್ನು ಜನ ಒಂದೇ ಅಂದುಕೊಳ್ಳುತ್ತಾರೆ. ಭೇದ ಮಾಡದಿರುವುದು ಅಂದರೆ ಯಾರಿಗೆ ಹೆಚ್ಚು ತೊಂದರೆ ಆಗಿದೆಯೋ ಅವರಿಗೆ ಮೊದಲು. ತಟಸ್ಥ ಅಂದರೆ ಜಗಳದಲ್ಲಿ ಯಾರ ಕಡೆಯೂ ನಿಲ್ಲದಿರುವುದು. ಮೊದಲನೆಯದು ನಿಮ್ಮಿಂದ ಆಗುತ್ತದೆ. ಎರಡನೆಯದು ಕಷ್ಟ, ಮುಖ್ಯವಾಗಿ ಫೇಸ್‌ಬುಕ್ಕಿನಲ್ಲಿ.

ಹೆಸರು ಓದಿದ ಕೂಡಲೇ ಯಾರು ಏನು ಅಂತ ಗೊತ್ತಾಗುವ ಊರು ನಮ್ಮದು. ಅದಕ್ಕೇ ನಮ್ಮ ಕೇಂದ್ರಗಳಲ್ಲಿ ಕಿಟ್ ಕೊಡುವಾಗ ಹೆಸರು ಕೂಗುತ್ತಿರಲಿಲ್ಲ, ಟೋಕನ್ ನಂಬರ್ ಕೂಗುತ್ತಿದ್ದೆವು. ಒಮ್ಮೆ ಅಕ್ಕಿ ಲಾರಿಗೆ ಫ್ಲೆಕ್ಸ್ ಕಟ್ಟಲು ನಾಲ್ಕು ಹುಡುಗರು ಹಗ್ಗ ಹಿಡಿದು ಬಂದರು. ನಿಮ್ಮ ಪಕ್ಷದವರೋ ಎದುರಿನವರೋ, ಹೇಳುವುದಿಲ್ಲ. ಫ್ಲೆಕ್ಸ್ ಬೇಡ, ಹಗ್ಗ ಕೊಡಿ, ಟಾರ್ಪಾಲು ಕಟ್ಟಲಿಕ್ಕೆ ಬೇಕು ಅಂದೆವು. ಕೊಟ್ಟರು, ಪಾಪ.

ಪ್ರಶ್ನೆ: ನನ್ನ ಮಗ ಡಾಕ್ಟರ್. ಕಾರಿಗೆ ಕೆಂಪು ಕ್ರಾಸ್ ಸ್ಟಿಕ್ಕರ್ ಹಾಕಿದ್ದಾನೆ. ಹಾಗೆ ಹಾಕಬಾರದು ಅಂತ ಯಾರೋ ಹೇಳಿದರು. ಹೌದಾ?
- ಗೃಹಿಣಿ, ಕದ್ರಿ

ಹೌದು, ತೆಗೆಸಿ. ಬಿಳಿ ಹಿನ್ನೆಲೆಯ ಕೆಂಪು ಕ್ರಾಸ್ ಡಾಕ್ಟರರ ಗುರುತೂ ಅಲ್ಲ, ಮೆಡಿಕಲ್ ಶಾಪಿನ ಗುರುತೂ ಅಲ್ಲ. ಯುದ್ಧದಲ್ಲಿ ಗಾಯಾಳುಗಳನ್ನು ನೋಡಿಕೊಳ್ಳುವವರ ಮೇಲೆ ಗುಂಡು ಹಾರಿಸಬೇಡಿ ಅಂತ ಹೇಳುವ ಗುರುತು. ಅನುಮತಿ ಇಲ್ಲದೆ ಬಳಸುವುದು 1960ರ ಜಿನೀವಾ ಒಪ್ಪಂದಗಳ ಕಾಯಿದೆ ಪ್ರಕಾರ ತಪ್ಪು.

ಪ್ರಶ್ನೆ: ಐಟಿ ಕಂಪನಿಯಲ್ಲಿದ್ದೇನೆ, ಶನಿವಾರ ಭಾನುವಾರ ಬಿಡುವು. ಇಂಥ ಮಂಡಳಿಗೆ ಸೇರಿದರೆ ರೆಸ್ಯೂಮೆಗೆ ಒಳ್ಳೆಯದಾಗುತ್ತದಾ?
- ಸುರತ್ಕಲ್‌ನ ಯುವಕ

ಆಗಬಹುದು, ಮಂಡಳಿಗೆ ಒಳ್ಳೆಯದಾಗುವುದಿಲ್ಲ ತಮ್ಮಾ. ಮೊದಲು ಎರಡು ಮಳೆಗಾಲ ಚೀಲ ಹೊರು. ಒಂದು ಶನಿವಾರ ಪ್ರಥಮ ಚಿಕಿತ್ಸೆ ತರಬೇತಿಗೆ ಹೋಗು. ಹೃದಯ ನಿಂತವರ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ, ಐದಾರು ಸೆಂಟಿಮೀಟರ್ ಇಳಿಯುವ ಹಾಗೆ ಒತ್ತಬೇಕು. ಓದಲು ಸುಲಭ, ಗೊಂಬೆಯ ಮೇಲೆ ಎರಡು ನಿಮಿಷ ಒತ್ತಿದರೆ ಬೆವರು ಇಳಿಯುತ್ತದೆ. ರಕ್ತ ಕೊಡುವ ಅಭ್ಯಾಸ ಇದ್ದರೆ ಕೊನೆಯ ಸಲ ಕೊಟ್ಟು 90 ದಿನ ಆಗಿದೆಯಾ ನೋಡಿಕೋ, ಹೆಂಗಸರಿಗಾದರೆ 120. ಏಪ್ರಿಲ್, ಮೇ ತಿಂಗಳಲ್ಲಿ ಕಾಲೇಜುಗಳಿಗೆ ರಜೆ, ಶಿಬಿರ ಕಡಿಮೆ, ರಕ್ತನಿಧಿಯವರು ಫೋನ್ ಮೇಲೆ ಫೋನ್ ಮಾಡುವ ಕಾಲ. ಈ ಭಾನುವಾರವೇ ಹೋಗು, ಬೆಳಗ್ಗೆ ತಿಂಡಿ ತಿಂದುಕೊಂಡು.