ಸರೋವರದ ತಳದಲ್ಲಿ ಹಾಕಿದ ಗ್ಯಾಸ್ ಪೈಪು ಮೇಲೆ ತೇಲಿ ಬರುವುದಿಲ್ಲವೇ?

ಹಾಗೇ ಬಿಟ್ಟರೆ ಬರುತ್ತದೆ. ಅದಕ್ಕೇ ಪೈಪಿನ ಸುತ್ತ ಕಾಂಕ್ರೀಟ್ ಹೊದಿಸಿ ಭಾರ ಮಾಡುತ್ತಾರೆ.

ಉಕ್ಕು ಮುಳುಗಬೇಕಲ್ವಾ ಅನಿಸಬಹುದು. ಲೆಕ್ಕ ನೋಡಿ: 60 ಸೆಂಟಿಮೀಟರ್ ವ್ಯಾಸದ ಪೈಪು ಪ್ರತಿ ಮೀಟರಿಗೆ ಸುಮಾರು 280 ಕಿಲೋ ನೀರನ್ನು ಪಕ್ಕಕ್ಕೆ ತಳ್ಳುತ್ತದೆ. ಪೈಪಿನ ಗೋಡೆ 12 ಮಿಲಿಮೀಟರ್ ಇದ್ದರೆ ಉಕ್ಕಿನ ತೂಕ 175 ಕಿಲೋ ಆಸುಪಾಸು. ಒಳಗಿನ ಗ್ಯಾಸ್ ಒತ್ತಡದಲ್ಲಿದ್ದರೂ ಹಗುರವೇ. ಕೊರತೆ ಬಿದ್ದ ತೂಕವನ್ನು ಕಾಂಕ್ರೀಟೇ ತುಂಬಬೇಕು, ಸ್ವಲ್ಪ ಜಾಸ್ತಿಯೇ.

ತಮಾಷೆ ಅಂದರೆ, ಹಾಕುವಾಗ ಪೈಪನ್ನು ಬೇಕಂತಲೇ ತೇಲಿಸುವುದೂ ಉಂಟು. ದಡದಲ್ಲಿ ವೆಲ್ಡ್ ಮಾಡಿದ ಪೈಪಿಗೆ ಗಾಳಿ ತುಂಬಿದ ಡ್ರಮ್ಮುಗಳನ್ನು ಕಟ್ಟಿ, ಆಚೆ ದಡದಿಂದ ಉಕ್ಕಿನ ಹಗ್ಗದಲ್ಲಿ ಎಳೆಯುತ್ತಾರೆ. ಆಮೇಲೆ ಡ್ರಮ್ಮುಗಳನ್ನು ಒಂದೊಂದಾಗಿ ಬಿಚ್ಚಿದರೆ, ಪೈಪು ಮೊದಲೇ ತೋಡಿಟ್ಟ ಕಾಲುವೆಯೊಳಗೆ ಮೆಲ್ಲಗೆ ಕೂರುತ್ತದೆ. ಅವಸರ ಮಾಡಿದರೆ ಬಾಗಿ ಸುಕ್ಕುಗಟ್ಟುವ ಅಪಾಯವಿದೆ.