ಇಂಗ್ಲಿಷ್, ಮಲಯಾಳ ಸರಿಯಾಗಿ ಕಾಣುತ್ತದೆ, ಕನ್ನಡ ಮಾತ್ರ ಮಬ್ಬು: ಕನ್ನಡಕ ಬದಲಿಸಲೇ, ಲ್ಯಾಪ್‌ಟಾಪ್ ಬದಲಿಸಲೇ?

ನೀವು ಮಂಜೇಶ್ವರ ಕಡೆಯ ಕನ್ನಡ ಶಾಲೆಯ ಅಧ್ಯಾಪಕರು, ವಯಸ್ಸು 48 ಎಂದು ಬರೆದಿದ್ದೀರಿ. ಒಂದೇ ಸುತ್ತೋಲೆಯಲ್ಲಿ ಇಂಗ್ಲಿಷೂ ಮಲಯಾಳವೂ ಓದಲು ಬರುತ್ತದೆ, ಕನ್ನಡದ ಭಾಗಕ್ಕೆ ಬಂದಾಗ ಒತ್ತಕ್ಷರವೆಲ್ಲ ಕಲೆಸಿದ ಹಾಗೆ ಕಾಣುತ್ತದೆ, ಅಲ್ವಾ? ಕನ್ನಡಕಕ್ಕೂ ಲ್ಯಾಪ್‌ಟಾಪಿಗೂ ಹಣ ಹಾಕುವ ಮೊದಲು ಕೆಲವು ಸೆಟ್ಟಿಂಗ್ ಬದಲಿಸಿ ನೋಡಿ. ನಾನು ಬದಿಯಡ್ಕದಲ್ಲಿ ಡಿಟಿಪಿ ಕೆಲಸ ಮಾಡುವವನು. ದಿನವಿಡೀ ಕನ್ನಡ ಅಕ್ಷರವನ್ನು ತೆರೆಯ ಮೇಲೆ ತಿದ್ದುವುದೇ ನನ್ನ ಹೊಟ್ಟೆಪಾಡು. ಹಾಗಾಗಿ ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ.

ಮೊದಲು ಕಾರಣ. ಇಂಗ್ಲಿಷ್ ಅಕ್ಷರ ಒಂದೇ ಸಾಲಿನಲ್ಲಿ ಕುಳಿತುಕೊಳ್ಳುತ್ತದೆ. ಕನ್ನಡದಲ್ಲಿ ಮೇಲೆ ಗುಣಿತ, ನಡುವೆ ಅಕ್ಷರ, ಕೆಳಗೆ ಒತ್ತು. ‘ರಾಷ್ಟ್ರ’, ‘ಸ್ತ್ರೀ’ ಮುಂತಾದ ಕಡೆ ಒಂದರ ಕೆಳಗೆ ಎರಡು ಒತ್ತು. ಇಷ್ಟೆಲ್ಲ ಅದೇ ಎತ್ತರದಲ್ಲಿ ಹಿಡಿಸಬೇಕಾದ್ದರಿಂದ ಒತ್ತಿಗೆ ಸಿಗುವುದು ತೆರೆಯ ಕೆಲವೇ ಚುಕ್ಕಿಗಳು (ಪಿಕ್ಸೆಲ್). ‘ದ’ಕ್ಕೂ ‘ಧ’ಕ್ಕೂ, ‘ಬ’ಕ್ಕೂ ‘ಭ’ಕ್ಕೂ ಇರುವ ವ್ಯತ್ಯಾಸ ಅಡಿಯಲ್ಲಿನ ಒಂದು ಸಣ್ಣ ಸೀಳು. ಅಕ್ಷರ ಚಿಕ್ಕದಾದರೆ ಮೊದಲು ಮುಚ್ಚಿಹೋಗುವುದು ಅದೇ. ಮಲಯಾಳದ ಕತೆ ಬೇರೆ. 1971ರಲ್ಲಿ ಕೇರಳ ಸರಕಾರ ಲಿಪಿ ಸುಧಾರಣೆ ಮಾಡಿ ಉಕಾರ, ರ-ಒತ್ತು ಮುಂತಾದವನ್ನು ಅಕ್ಷರದಿಂದ ಬಿಡಿಸಿ ಪಕ್ಕಕ್ಕೆ ತಂದಿತು, ಎಷ್ಟೋ ಕೂಡಕ್ಷರಗಳನ್ನೂ ಬಿಡಿಸಿತು. ವಿಂಡೋಸಿನ ಜೊತೆ ಬರುವ ಮಲಯಾಳ ಫಾಂಟಿನಲ್ಲಿ ಇರುವುದು ಆ ಹೊಸ ಲಿಪಿಯೇ. ಅದೇ ಸೈಜಿನಲ್ಲಿ ಮಲಯಾಳ ಕಂಡು ಕನ್ನಡ ಕಾಣದಿದ್ದರೆ ಅದು ನಿಮ್ಮ ಕಣ್ಣಿನ ದೋಷವೇ ಆಗಬೇಕೆಂದಿಲ್ಲ. ಕನ್ನಡಕ್ಕೆ ಒಂದೆರಡು ಸೈಜ್ ಜಾಸ್ತಿ ಬೇಕು, ಅಷ್ಟೆ.

ಜಾಸ್ತಿ ಮಾಡಲು ನಮ್ಮ ಕಡೆ ತುಂಬಾ ಜನ ರೆಸೊಲ್ಯೂಷನ್, ಅಂದರೆ ತೆರೆಯ ಮೇಲೆ ಬಳಸುವ ಚುಕ್ಕಿಗಳ ಲೆಕ್ಕ, ಇಳಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎಲ್‌ಸಿಡಿ ತೆರೆಯಲ್ಲಿ ಚುಕ್ಕಿಗಳ ಸಂಖ್ಯೆ ಕಾರ್ಖಾನೆಯಲ್ಲೇ ನಿಗದಿಯಾಗಿರುತ್ತದೆ. 1920×1080 ತೆರೆಯನ್ನು 1366×768ಕ್ಕೆ ಇಳಿಸಿದರೆ ಅಕ್ಷರ ದೊಡ್ಡದಾಗುತ್ತದೆ ನಿಜ, ಆದರೆ ಒಂದು ಚುಕ್ಕಿಯನ್ನು ಸುಮಾರು 1.4 ಚುಕ್ಕಿಯ ಮೇಲೆ ಹರಡಬೇಕಾಗಿ ಅಂಚೆಲ್ಲ ಮಂಜಾಗುತ್ತದೆ. ಒತ್ತಕ್ಷರಕ್ಕೆ ಇದಕ್ಕಿಂತ ಕೇಡು ಬೇರೆ ಇಲ್ಲ. ರೆಸೊಲ್ಯೂಷನ್ ಪಟ್ಟಿಯಲ್ಲಿ ‘ರೆಕಮೆಂಡೆಡ್’ ಎಂದಿರುವುದನ್ನೇ ಇಡಿ. ಅದೇ ಪುಟದಲ್ಲಿ, ಅಂದರೆ ವಿಂಡೋಸಿನ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ ಒಳಗೆ, ‘ಸ್ಕೇಲ್’ ಅಂತ ಇದೆ. ಅದನ್ನು 125 ಅಥವಾ 150 ಶೇಕಡಾ ಮಾಡಿ. ಈಗ ಅಕ್ಷರವೂ ದೊಡ್ಡದು, ಅಂಚೂ ಚೂಪು. ಬರೀ ಅಕ್ಷರ ದೊಡ್ಡದಾದರೆ ಸಾಕು ಎಂದಾದರೆ ವಿಂಡೋಸ್ 11ರ ಅಕ್ಸೆಸಿಬಿಲಿಟಿಯಲ್ಲಿ ‘ಟೆಕ್ಸ್ಟ್ ಸೈಜ್’ ಇದೆ, 225 ಶೇಕಡಾದವರೆಗೆ ಏರಿಸಬಹುದು. ಶಾಲೆಯ ಲ್ಯಾಪ್‌ಟಾಪಿನಲ್ಲಿ ಉಬುಂಟು ಇದ್ದರೆ ಅದರಲ್ಲೂ ‘ಲಾರ್ಜ್ ಟೆಕ್ಸ್ಟ್’ ಎಂಬ ಸ್ವಿಚ್ ಸಿಗುತ್ತದೆ.

ನಿಮಗೆ ನಿಜವಾಗಿ ಉಪಕಾರ ಆಗುವುದು ಇನ್ನೊಂದು ಕಡೆ. ಫೈರ್‌ಫಾಕ್ಸ್ ಬ್ರೌಸರಿನಲ್ಲಿ ಕನ್ನಡಕ್ಕೆ ಮಾತ್ರ ಬೇರೆ ಸೈಜ್, ಬೇರೆ ಫಾಂಟ್ ಕೊಡಬಹುದು. ಮೂರು ಲಿಪಿಯ ನಡುವೆ ಬದುಕುವ ಕಾಸರಗೋಡಿನವರಿಗೆ ಇದು ಎಷ್ಟು ಬೇಕಾದ ಸೌಕರ್ಯ ನೋಡಿ! ಸೆಟ್ಟಿಂಗ್ಸ್‌ನಲ್ಲಿ ‘ಫಾಂಟ್ಸ್’ ಹುಡುಕಿ, ಪಕ್ಕದ ‘ಅಡ್ವಾನ್ಸ್ಡ್’ ಒತ್ತಿ. ಮೇಲ್ಗಡೆ ‘ಫಾಂಟ್ಸ್ ಫಾರ್’ ಎಂಬ ಪಟ್ಟಿಯಿಂದ ಕನ್ನಡ ಆರಿಸಿ. ಕೆಳಗೆ ‘ಮಿನಿಮಮ್ ಫಾಂಟ್ ಸೈಜ್’ ಇರುತ್ತದೆ. ಅಲ್ಲಿ 18 ಇಟ್ಟು ನೋಡಿ, ಸಾಲದಿದ್ದರೆ 20. ಇಂಗ್ಲಿಷಿಗೂ ಮಲಯಾಳಕ್ಕೂ ಅವರವರ ಸೈಜ್ ಹಾಗೆಯೇ ಉಳಿಯುತ್ತದೆ. ಒಂದು ತೊಡಕಿದೆ. ಪುಟ ಮಾಡಿದವರು ‘ಇದು ಕನ್ನಡ’ ಎಂದು ಕೋಡಿನಲ್ಲಿ ಗುರುತು ಹಾಕಿದ್ದರೆ ಮಾತ್ರ ಈ ಲೆಕ್ಕ ಸರಿಯಾಗಿ ನಡೆಯುತ್ತದೆ. ಎಷ್ಟೋ ಸೈಟಿನವರು ಹಾಕುವುದಿಲ್ಲ. ಕನ್ನಡದ ಸೈಟು ಮಾಡುವವರು ಈ ಒಂದು ಸಾಲನ್ನು ಮರೆಯಬಾರದು, ಓದುವವರ ಕಣ್ಣಿನ ಪ್ರಶ್ನೆ ಅದು. ಅಂಥ ಪುಟದಲ್ಲಿ ಕಂಟ್ರೋಲ್ ಹಿಡಿದು ಪ್ಲಸ್ ಒತ್ತುವುದೇ ದಾರಿ. ಕ್ರೋಮಿನಲ್ಲೂ ಕನಿಷ್ಠ ಸೈಜ್ ಇಡಬಹುದು, ಆದರೆ ಅಲ್ಲಿ ಎಲ್ಲ ಲಿಪಿಗೂ ಒಂದೇ ಅಳತೆ.

ಉದ್ದದ ಲೇಖನವಾದರೆ ಫೈರ್‌ಫಾಕ್ಸಿನ ರೀಡರ್ ವ್ಯೂ ಅಥವಾ ಎಡ್ಜ್‌ನ ಇಮ್ಮರ್ಸಿವ್ ರೀಡರ್ ಬಳಸಿ. ವಿಂಡೋಸಿನಲ್ಲಿ ಎರಡಕ್ಕೂ ಎಫ್9 ಕೀಲಿ. ಜಾಹೀರಾತು ಹೋಗುತ್ತದೆ, ಬರಹ ಮಾತ್ರ ಉಳಿಯುತ್ತದೆ.

ಫಾಂಟ್ ವಿಷಯ. ಹಳೆಯ ವಿಂಡೋಸಿನಲ್ಲಿ ಕನ್ನಡಕ್ಕೆ ಇದ್ದದ್ದು ‘ತುಂಗಾ’. ವಿಂಡೋಸ್ 8ರಿಂದ ‘ನಿರ್ಮಲಾ ಯುಐ’ ಬಂತು. ನನ್ನ ಕಣ್ಣಿಗೆ ನಿರ್ಮಲಾ ತುಂಗಾಕ್ಕಿಂತ ಎಷ್ಟೋ ಹಿತ. ಅದಕ್ಕಿಂತಲೂ ಒಗ್ಗುವುದು ‘ನೋಟೋ ಸಾನ್ಸ್ ಕನ್ನಡ’. ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಗೆರೆ ಒಂದೇ ದಪ್ಪ ಇರುವ ಫಾಂಟನ್ನೇ ಆರಿಸಿ. ಮದುವೆ ಕಾಗದಕ್ಕೆ ಚಂದ ಕಾಣುವ ತೆಳು-ದಪ್ಪದ ಫಾಂಟಿನಲ್ಲಿ ತೆಳು ಗೆರೆ ತೆರೆಯ ಮೇಲೆ ಮಾಯವಾಗುತ್ತದೆ. ವರ್ಡ್‌ನಲ್ಲಿ ಓದುವಾಗ, ತಿದ್ದುವಾಗ ಸಾಲಿನ ನಡುವಿನ ಅಂತರ 1.5 ಇಡಿ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಾಗುವುದು ನಿಂತರೆ ಓದುವ ವೇಗವೇ ಬದಲಾಗುತ್ತದೆ. ಹಾಜರಿ ಪಟ್ಟಿಯಲ್ಲಿ ಮಕ್ಕಳ ಹೆಸರು ತಪ್ಪಬಾರದು ಎಂದಿದ್ದರೆ ಇದನ್ನು ಖಂಡಿತ ಮಾಡಿ. ‘ಭ’ ಹೋಗಿ ‘ಬ’ ಆದದ್ದು ಆ ಮಗುವಿನ ಸರ್ಟಿಫಿಕೇಟಿನವರೆಗೂ ಹೋಗಬಹುದು.

ವಿಂಡೋಸಿನ ಹುಡುಕು ಪಟ್ಟಿಯಲ್ಲಿ ‘ಕ್ಲಿಯರ್‌ಟೈಪ್’ ಎಂದು ಇಂಗ್ಲಿಷಿನಲ್ಲಿ ಬರೆದರೆ ಅಕ್ಷರದ ಅಂಚನ್ನು ನಿಮ್ಮ ಕಣ್ಣಿಗೆ ಹೊಂದಿಸುವ ಒಂದು ಚಿಕ್ಕ ಪರೀಕ್ಷೆ ತೆರೆಯುತ್ತದೆ. ಯಾವ ಮಾದರಿ ಸ್ಪಷ್ಟವೋ ಅದನ್ನು ಒತ್ತುತ್ತಾ ಹೋದರೆ ಆಯಿತು. ಮನೆಯಲ್ಲಿ ಟಿವಿಯನ್ನೇ ಮಾನಿಟರ್ ಮಾಡಿಕೊಂಡಿದ್ದರೆ ಟಿವಿಯ ಮೆನುವಿನಲ್ಲಿ ‘ಪಿಸಿ’ ಮೋಡ್ ಹಾಕಿ, ಶಾರ್ಪ್‌ನೆಸ್ ತಗ್ಗಿಸಿ.

ಸ್ಕ್ಯಾನ್ ಮಾಡಿದ ಪಿಡಿಎಫ್ ಬಂದರೆ ಮೇಲಿನ ಯಾವ ಫಾಂಟ್ ಸೆಟ್ಟಿಂಗೂ ನಡೆಯದು. ಅದು ಚಿತ್ರ. ದೊಡ್ಡದು ಮಾಡಿ ನೋಡಬಹುದು, ಸ್ಪಷ್ಟ ಮಾಡಲಾಗದು. ಕಳಿಸಿದವರಲ್ಲಿ ಯೂನಿಕೋಡಿನ ಕಡತವನ್ನೇ, ಅಂದರೆ ಚಿತ್ರವಲ್ಲದೆ ಟೈಪ್ ಮಾಡಿದ ಅಕ್ಷರವೇ ಇರುವುದನ್ನು, ಕೇಳಿ. ಅದು ನಿಮ್ಮ ಹಕ್ಕು ಎಂದೇ ನಾನು ಭಾವಿಸುತ್ತೇನೆ.

ಇನ್ನು ಬೆಳಕು. ಕಿಟಕಿ ನಿಮ್ಮ ಬೆನ್ನಿಗೂ ಬೇಡ, ತೆರೆಯ ಹಿಂದೆಯೂ ಬೇಡ, ಪಕ್ಕದಲ್ಲಿರಲಿ. ಆಟಿ ತಿಂಗಳ ಮಳೆಗೆ ಹಗಲಲ್ಲೇ ಕತ್ತಲಾದಾಗ ತೆರೆಯ ಬ್ರೈಟ್‌ನೆಸ್ ಇಳಿಸಿ, ಕೋಣೆಯ ದೀಪ ಹಾಕಿ. ಡಾರ್ಕ್ ಮೋಡ್ ಒಳ್ಳೆಯದೆಂದು ಎಲ್ಲರೂ ಹೇಳುತ್ತಾರೆ. ಆದರೆ ಅಸ್ಟಿಗ್ಮ್ಯಾಟಿಸಂ (ಕಣ್ಣಿನ ಬಾಗು ಎಲ್ಲ ಕಡೆ ಸಮವಿಲ್ಲದ ದೃಷ್ಟಿದೋಷ) ಇರುವ ಕೆಲವರಿಗೆ ಕಪ್ಪಿನ ಮೇಲಿನ ಬಿಳಿ ಅಕ್ಷರ ಹರಡಿದಂತೆ ಕಾಣುತ್ತದೆ. ನಿಮಗೂ ಹಾಗಾದರೆ ತಿಳಿ ಹಿನ್ನೆಲೆಯ ಮೇಲೆ ಕಪ್ಪಕ್ಷರವೇ ಇರಲಿ.

ಇಷ್ಟಾದ ಮೇಲೂ ಕಷ್ಟವಿದ್ದರೆ ಕಣ್ಣಿನ ಡಾಕ್ಟರಲ್ಲಿ ಹೋಗಿ. ನಲವತ್ತು ದಾಟಿದ ಮೇಲೆ ಹತ್ತಿರದ ದೃಷ್ಟಿ ಕಡಿಮೆಯಾಗುವುದು ಸಹಜ. ಹೋಗುವ ಮೊದಲು ಕಣ್ಣಿನಿಂದ ತೆರೆಗೆ ಎಷ್ಟು ದೂರ ಎಂದು ಟೇಪು ಹಿಡಿದು ಅಳೆದು ಬರೆದುಕೊಳ್ಳಿ. ಸಾಮಾನ್ಯವಾಗಿ 50ರಿಂದ 70 ಸೆಂಟಿಮೀಟರ್ ಇರುತ್ತದೆ. ಪುಸ್ತಕ ಓದುವ ಕನ್ನಡಕ ಇದಕ್ಕಿಂತ ಹತ್ತಿರಕ್ಕೆ ಲೆಕ್ಕ ಹಾಕಿದ್ದು. ಬೈಫೋಕಲ್ ಆದರೆ ಕೆಳಗಿನ ಗಾಜಿನಲ್ಲಿ ನೋಡಲು ಕತ್ತು ಹಿಂದಕ್ಕೆ ಎತ್ತಬೇಕಾಗಿ ಸಂಜೆಗೆ ಕುತ್ತಿಗೆ ನೋವು ಶುರು. ಆ ಅಳತೆ ಹೇಳಿದರೆ ಕಂಪ್ಯೂಟರಿಗೆಂದೇ ಬೇರೆ ಕನ್ನಡಕ ಬರೆದುಕೊಡುತ್ತಾರೆ.